ಬೆಂಗಳೂರಿನಲ್ಲಿ ಒಂದು ದಿನ, ನಮ್ಮದೇ ಪಟ್ಟಿ

"ಬೆಂಗಳೂರು ನೋಡಿದ್ದೀರಾ?" ಎಂದು ಯಾರಾದರೂ ಕೇಳಿದರೆ ನೀವೇನು ಹೇಳುತ್ತೀರಿ? "ಅಯ್ಯೋ, ಎಷ್ಟು ಸಲ ಹೋಗಿಲ್ಲ!" ಎನ್ನುತ್ತೀರಿ. ನಾನೂ ಹಾಗೇ ಹೇಳುತ್ತಿದ್ದೆ. ಒಲೆಯ ಉರಿ ಸಣ್ಣಗೆ ಮಾಡಿ ಒಂದು ನಿಮಿಷ ಯೋಚಿಸಿ ನೋಡಿ. ನಾವು ಬೆಂಗಳೂರಿಗೆ ಹೋಗುವುದು ಯಾವಾಗ? ಯಾರದೋ ಮದುವೆಗೆ, ಗೃಹಪ್ರವೇಶಕ್ಕೆ, ಬಾಣಂತನಕ್ಕೆ, ಇಲ್ಲವೇ ದೊಡ್ಡ ಡಾಕ್ಟರಿಗೆ ತೋರಿಸುವುದಕ್ಕೆ. ರೈಲಿಳಿದು ಆಟೋ ಹತ್ತಿ ಛತ್ರಕ್ಕೆ ಹೋದರೆ, ಛತ್ರದಿಂದ ಮತ್ತೆ ರೈಲಿಗೆ. ಹೋಗಿದ್ದು ನಿಜ, ನೋಡಿದ್ದು ಎಲ್ಲಿ?

ನಮ್ಮದು ತಿಪಟೂರು. ಕೊಬ್ಬರಿಯ ಊರು. ಬೆಳಿಗ್ಗೆ ರೈಲು ಹತ್ತಿದರೆ ತಿಂಡಿಯ ಹೊತ್ತಿಗೆ ಬೆಂಗಳೂರು. ಇಷ್ಟು ಹತ್ತಿರವಿದ್ದೂ ನಮ್ಮ ಅತ್ತೆಯವರು ಎಪ್ಪತ್ತು ದಾಟುವವರೆಗೆ ಆ ಊರನ್ನು ಸರಿಯಾಗಿ ನೋಡಿರಲಿಲ್ಲ. ಕಳೆದ ಡಿಸೆಂಬರ್‌ನಲ್ಲಿ ನಾವು ಆರು ಜನ ಒಂದು ದಿನ ಕಾರು, ಗೈಡು ಗೊತ್ತುಮಾಡಿಕೊಂಡು, ನಮ್ಮದೇ ಪಟ್ಟಿಯಂತೆ ಬೆಂಗಳೂರು ನೋಡಿ ಬಂದೆವು. ಅದು ಹೇಗೆ ಎಂದು ನಿಮಗೆ ಹೇಳಬೇಕೆನಿಸಿತು. ಗಂಡಸರಿಗೆ ಇದರಲ್ಲಿ ವಿಶೇಷವೇನೂ ಕಾಣಿಸಲಿಕ್ಕಿಲ್ಲ. ನಮಗೆ ಇದೆ.

ಬಸ್ಸಿನ ಸೀಟು ಮೆತ್ತಗಿತ್ತು

ಮೊದಲು ನಮ್ಮ ಹಳೆಯ ಪೆಟ್ಟಿನ ಕಥೆ ಕೇಳಿ. ಒಂಬತ್ತು ವರ್ಷದ ಹಿಂದೆ, "ಒಂದೇ ದಿನದಲ್ಲಿ ಇಡೀ ಬೆಂಗಳೂರು" ಎಂಬ ಒಂದು ಬಸ್ಸಿಗೆ ಟಿಕೆಟ್ ಕೊಂಡಿದ್ದೆವು. ಹನ್ನೊಂದು ಜಾಗಗಳ ಪಟ್ಟಿ. ಪ್ರತಿ ಕಡೆಯೂ "ಇಪ್ಪತ್ತು ನಿಮಿಷ, ಇಪ್ಪತ್ತೇ ನಿಮಿಷ!" ಎಂಬ ಕೂಗು. ಅತ್ತೆಯವರಿಗೆ ಆಗಲೇ ಮಂಡಿನೋವು ಶುರುವಾಗಿತ್ತು. ಅವರು ಬಸ್ಸಿನಿಂದ ಇಳಿಯುವಷ್ಟರಲ್ಲಿ ಹತ್ತು ನಿಮಿಷ ಹೋಗುತ್ತಿತ್ತು. ಮೂರನೆಯ ಜಾಗದಿಂದ ಅವರು ಇಳಿಯುವುದನ್ನೇ ಬಿಟ್ಟರು. ಆದರೆ ಒಂದು ಬಟ್ಟೆ ಅಂಗಡಿಯ ಮುಂದೆ ಮಾತ್ರ ಬಸ್ಸು ಒಂದು ಗಂಟೆ ನಿಂತಿತು! ನಮಗೆ ಬೇಕಿರಲಿಲ್ಲ, ಬಸ್ಸಿನವರಿಗೆ ಬೇಕಿತ್ತು.

ರಾತ್ರಿ ಮನೆಗೆ ಬಂದ ಮೇಲೆ, "ಹೇಗಿತ್ತು ಅತ್ತೆ?" ಎಂದು ಕೇಳಿದೆ.

"ಚೆನ್ನಾಗಿತ್ತು ಕಣೇ. ಬಸ್ಸಿನ ಸೀಟು ಮೆತ್ತಗಿತ್ತು" ಎಂದರು.

ನಾನು ನಕ್ಕೆ. ಆಮೇಲೆ ಮಲಗಿದಾಗ ಆ ಮಾತು ನೆನಪಾಗಿ ನಗು ಬರಲಿಲ್ಲ.

ಮೊದಲು ಕೇಳಿ, ಆಮೇಲೆ ಬರೆಯಿರಿ

ಈ ಸಲ ಹಾಗಾಗಬಾರದೆಂದು, ಹೊರಡುವ ಹದಿನೈದು ದಿನ ಮುಂಚೆಯೇ ಒಂದು ನೋಟ್‌ಬುಕ್ ಹಿಡಿದು ಕೂತೆ. ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದೆ: "ನಿಮಗೆ ಏನು ನೋಡಬೇಕು?" ನಮ್ಮ ಯಜಮಾನರು ವಿಧಾನಸೌಧ ಎಂದರು. ಪಿಯುಸಿ ಓದುವ ಮಗಳು ಮೆಟ್ರೋ ಎಂದಳು. ಅರಸೀಕೆರೆಯ ನಾದಿನಿಗೆ ಚಿಕ್ಕಪೇಟೆಯ ಸೀರೆ. ಬೆಂಗಳೂರಿನ ವಿಜಯನಗರದಲ್ಲೇ ಇರುವ ನನ್ನ ತಂಗಿಗೆ, "ಅಕ್ಕಾ, ನಾನು ಇಲ್ಲೇ ಇದ್ದೂ ಟಿಪ್ಪು ಅರಮನೆ ನೋಡಿಲ್ಲ." ನನಗೆ ಲಾಲ್‌ಬಾಗಿನ ಗಾಜಿನ ಮನೆ, ಅದೂ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿಲ್ಲದ ದಿನ. ಇದರ ಮೇಲೆ ದೊಡ್ಡಬಸವಣ್ಣ, ಗವಿಗಂಗಾಧರೇಶ್ವರ, ವಿಶ್ವೇಶ್ವರಯ್ಯ ಮ್ಯೂಸಿಯಂ ಎಂದು ಸೇರಿಸುತ್ತಾ ಹೋಗಿ ಹದಿನಾಲ್ಕು ಜಾಗ ಆಯಿತು.

ಅತ್ತೆಯವರನ್ನು ಕೇಳಿದರೆ ಉತ್ತರ ಗೊತ್ತಲ್ಲ? "ನಿಮಗೆಲ್ಲ ಯಾವುದೋ ನನಗೂ ಅದೇ." ನಮ್ಮ ತಾಯಂದಿರು, ಅತ್ತೆಯಂದಿರು ಊಟದ ವಿಷಯದಲ್ಲೂ ಇದನ್ನೇ ಹೇಳುತ್ತಾರೆ, ಸೀರೆಯ ವಿಷಯದಲ್ಲೂ ಇದನ್ನೇ ಹೇಳುತ್ತಾರೆ. ನಾವೂ ಅದನ್ನು ನಿಜವೆಂದು ನಂಬಿಬಿಡುತ್ತೇವೆ, ನಮಗೆ ಅನುಕೂಲವಲ್ಲವೇ?

ಎರಡು ದಿನ ಕಳೆದು, ಸಂಜೆ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಅವರು ತಲೆಯೆತ್ತದೆ ಕೇಳಿದರು: "ಅಲ್ವೇ, ವಾಣಿವಿಲಾಸ ಆಸ್ಪತ್ರೆ ಇನ್ನೂ ಇದೆಯಾ?"

"ಇದೆಯಲ್ಲ ಅತ್ತೆ. ಮಾರ್ಕೆಟ್ಟಿನ ಹತ್ತಿರ. ಯಾಕೆ?"

ಸುಮಾರು ಹೊತ್ತು ಕಾಯಿ ಸುಲಿದರು. ಆಮೇಲೆ ಹೇಳಿದರು. 1971ರಲ್ಲಿ, ಅವರಿಗೆ ಇಪ್ಪತ್ತು ವರ್ಷ. ಏಳನೇ ತಿಂಗಳಿಗೇ ನೋವು ಕಾಣಿಸಿಕೊಂಡಿತು. ಆಗಿನ ಮೀಟರ್‌ಗೇಜ್ ರೈಲಿನಲ್ಲಿ ಮಲಗಿಸಿಕೊಂಡು ಬೆಂಗಳೂರಿಗೆ ಕರೆದೊಯ್ದರು. ಗಂಡುಮಗು. ಒಂಬತ್ತು ದಿನ ಇತ್ತು. ಅವರು ಒಟ್ಟು ಇಪ್ಪತ್ತಮೂರು ದಿನ ಆ ಆಸ್ಪತ್ರೆಯಲ್ಲಿದ್ದರು.

"ಆವಾಗ ಇಷ್ಟು ಗಾಡಿ ಇರಲಿಲ್ಲ. ಬೆಳಗಿನ ಜಾವ ಕೋಟೆ ವೆಂಕಟರಮಣನ ಗುಡಿ ಗಂಟೆ ಕೇಳಿಸೋದು. ಮಗು ಉಳಿದರೆ ಎತ್ಕೊಂಡು ಬಂದು ನಿನ್ನ ಹೊಸಿಲ ಮೇಲೆ ಮಲಗಿಸ್ತೀನಿ ಅಂದ್ಕೊಂಡಿದ್ದೆ. ಉಳೀಲಿಲ್ಲ. ನೇರ ರೈಲಿಗೆ ಕರ್ಕೊಂಡು ಬಂದ್ರು."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. "ಹರಕೆ ಬಾಕಿ ಏನೂ ಇಲ್ಲವಲ್ಲ ಅತ್ತೆ" ಎಂದೆ, ದಡ್ಡಿಯ ಹಾಗೆ.

"ಹರಕೆ ತೀರಿಸೋಕಲ್ಲ ಕಣೇ. ನಾನು ಬದುಕಿದೆನಲ್ಲ, ಅದನ್ನ ಹೇಳಿ ಬರೋಣ ಅಂತ" ಎಂದರು.

ಐವತ್ತು ವರ್ಷಕ್ಕೂ ಮೇಲಾಯಿತು. ಎಷ್ಟೋ ಸಲ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೇವೆ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನಾನು ನೋಟ್‌ಬುಕ್ ತಂದು, ಪಟ್ಟಿಯ ತಲೆಯ ಮೇಲೆ ಕೋಟೆ ವೆಂಕಟರಮಣ ಎಂದು ಬರೆದೆ.

ಪಟ್ಟಿಗೆ ಕತ್ತರಿ

ಹದಿನಾಲ್ಕು ಜಾಗ ಒಂದು ದಿನಕ್ಕೆ ಆಗುವ ಮಾತಲ್ಲ. ಬೆಂಗಳೂರಿನಲ್ಲಿ ಕಿಲೋಮೀಟರ್ ಲೆಕ್ಕ ಹಾಕಬೇಡಿ, ಗಂಟೆಯ ಲೆಕ್ಕ ಹಾಕಿ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಸಂಜೆ ಐದರಿಂದ ಎಂಟು ರಸ್ತೆಯಲ್ಲಿ ವಾಹನ ಮುಂದಕ್ಕೆ ಹೋಗುವುದೇ ಕಷ್ಟ. ಆ ಹೊತ್ತಿನಲ್ಲಿ ಎಲ್ಲಾದರೂ ಇಳಿದು ನಿಂತಿರುವ ಹಾಗೆ ಯೋಜನೆ ಮಾಡಿಕೊಳ್ಳಬೇಕು.

ಮಗಳು ಮೊಬೈಲಿನಲ್ಲಿ ನಕ್ಷೆ ತೆರೆದು, ಯಾವುದಕ್ಕೆ ಯಾವುದು ಹತ್ತಿರ ಎಂದು ಗುರುತು ಹಾಕಿದಳು. ನೋಡಿದರೆ ಎಷ್ಟು ಚೆನ್ನಾಗಿ ಕೂಡಿಕೊಂಡಿತು ಅನ್ನುತ್ತೀರಿ! ಕೋಟೆ ವೆಂಕಟರಮಣನ ಗುಡಿ, ಅದಕ್ಕೆ ಅಂಟಿಕೊಂಡಂತೆ ಟಿಪ್ಪುವಿನ ಬೇಸಿಗೆ ಅರಮನೆ, ವಾಣಿವಿಲಾಸ ಆಸ್ಪತ್ರೆ, ಕೋಟೆಯ ಉಳಿದ ಭಾಗ, ಕೃಷ್ಣರಾಜೇಂದ್ರ ಮಾರುಕಟ್ಟೆ, ಎಲ್ಲವೂ ಒಂದೇ ಆವರಣದಂತೆ ಹತ್ತಿರ. ಅಲ್ಲೇ ಮೆಟ್ರೋ ನಿಲ್ದಾಣ. ಅಲ್ಲಿಂದ ಒಂದೇ ನಿಲ್ದಾಣ ಚಿಕ್ಕಪೇಟೆ. ಲಾಲ್‌ಬಾಗ್ ಕೂಡ ದೂರವಿಲ್ಲ. ವಿಧಾನಸೌಧಕ್ಕೆ ಮೆಟ್ರೋದಲ್ಲೇ ಹೋಗಬಹುದು. ಹೀಗಾಗಿ ದೊಡ್ಡಬಸವಣ್ಣ, ಗವಿಗಂಗಾಧರೇಶ್ವರ, ಮ್ಯೂಸಿಯಂ ಎಲ್ಲವನ್ನೂ ಹೊಡೆದುಹಾಕಿದೆವು. ನಮ್ಮ ಯಜಮಾನರಿಗೆ ಹೊಟ್ಟೆ ಉರಿಯಿತು. "ಇನ್ನೊಂದು ಸಲಕ್ಕೆ ಇರಲಿ ಬಿಡಿ" ಎಂದೆ.

ಯಾವ ದಿನ ಎನ್ನುವುದೂ ಮುಖ್ಯ. ಸೋಮವಾರ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ರಜೆ. ಭಾನುವಾರ ಚಿಕ್ಕಪೇಟೆಯ ಬಹಳ ಅಂಗಡಿಗಳು ಮುಚ್ಚಿರುತ್ತವೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನದ ದೋಸೆ ತಿನ್ನಬೇಕೆಂದರೆ ಶುಕ್ರವಾರ ಹೋಗಬೇಡಿ, ಅಂದು ಬಾಗಿಲು. ನಾವು ಬುಧವಾರ ಆರಿಸಿಕೊಂಡೆವು. ಹಿಂದಿನ ರಾತ್ರಿ ತಂಗಿಯ ಮನೆಯಲ್ಲಿ ಮಲಗಿದ್ದರಿಂದ ಅತ್ತೆಯವರಿಗೆ ರೈಲಿನ ಆಯಾಸವೂ ಇರಲಿಲ್ಲ.

ಕಾರು ಮತ್ತು ಗೈಡು

ದಿನಕ್ಕೆ ಕಾರು ಮಾತಾಡುವಾಗ "ಎಂಟು ಗಂಟೆ, ಎಂಬತ್ತು ಕಿಲೋಮೀಟರು" ಎನ್ನುವುದು ಅಲ್ಲಿಯ ರೂಢಿ. ಅದರ ಮೇಲಾದರೆ ಗಂಟೆಗಿಷ್ಟು ಹೆಚ್ಚು. ಮೂರು ಮಾತು ಮೊದಲೇ ಕೇಳಿಬಿಡಿ. ಒಂದು, ಗಂಟೆಯ ಲೆಕ್ಕ ನಿಮ್ಮ ಮನೆ ಬಾಗಿಲಿನಿಂದ ಶುರುವೋ, ಅವರ ಶೆಡ್ಡಿನಿಂದಲೋ? ಎರಡು, ಪಾರ್ಕಿಂಗ್ ಮತ್ತು ಡ್ರೈವರ್ ಬತ್ತೆ ಅದರಲ್ಲೇ ಸೇರಿದೆಯೋ? ಮೂರು, ಗಾಡಿ ಹತ್ತುವ ಮೆಟ್ಟಿಲು ಎಷ್ಟು ಎತ್ತರ? ಈ ಮೂರನೆಯದನ್ನು ಯಾರೂ ಕೇಳುವುದಿಲ್ಲ. ಮಂಡಿ ನೋಯುವವರಿಗೆ ಅದೇ ಮುಖ್ಯ. ನಾವು ಒಂದು ಪುಟ್ಟ ಪ್ಲಾಸ್ಟಿಕ್ ಮಣೆಯನ್ನು ಕಾರಿನಲ್ಲಿ ಇಟ್ಟುಕೊಂಡಿದ್ದೆವು. ದಿನವಿಡೀ ಅದಕ್ಕಿಂತ ಉಪಕಾರದ ವಸ್ತು ಇನ್ನೊಂದಿರಲಿಲ್ಲ.

ಗೈಡಿನ ವಿಷಯದಲ್ಲಿ ನಾವು ಮೊದಲು ಮೋಸ ಹೋಗುವುದರಲ್ಲಿದ್ದೆವು. ಫೋನಿನಲ್ಲಿ ಸಿಕ್ಕ ಒಬ್ಬರು ಬಹಳ ಕಡಿಮೆ ದುಡ್ಡು ಹೇಳಿದರು. ಪಟ್ಟಿ ಓದಿದಾಗ, "ಅದೆಲ್ಲ ಬೇಡಮ್ಮ, ನಾನು ಎರಡು ಒಳ್ಳೆ ರೇಷ್ಮೆ ಅಂಗಡಿ ತೋರಿಸ್ತೀನಿ" ಎಂದರು. ಬಸ್ಸಿನ ನೆನಪಾಗಿ ಫೋನ್ ಇಟ್ಟೆ. ಆಮೇಲೆ ತಂಗಿಯ ಸ್ನೇಹಿತೆಯ ಮೂಲಕ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವ ಒಬ್ಬ ಹೆಣ್ಣುಮಗಳು ಸಿಕ್ಕಳು. ಮೂವತ್ತರ ಆಸುಪಾಸು. ನೀವೂ ಗುರುತಿನ ಚೀಟಿ ಕೇಳಿ ನೋಡಿ, ಸಂಕೋಚ ಬೇಡ. ಅರ್ಧ ದಿನಕ್ಕೆ ಎಷ್ಟು, ಪೂರ್ತಿ ದಿನಕ್ಕೆ ಎಷ್ಟು ಎಂದು ಮೊದಲೇ ಮಾತಾಡಿ. ಅಂಗಡಿಗೆ ನಾವಾಗಿ ಕೇಳದೆ ಕರೆದೊಯ್ಯಬಾರದು ಎಂದೂ ಹೇಳಿ. ನಮ್ಮ ಗೈಡು ಪಟ್ಟಿ ನೋಡಿ ಒಂದೇ ಪ್ರಶ್ನೆ ಕೇಳಿದಳು: "ಅಜ್ಜಿ ಒಟ್ಟಿಗೆ ಎಷ್ಟು ದೂರ ನಡೀತಾರೆ?" ಈ ಹುಡುಗಿ ಸರಿ ಎಂದು ನನಗೆ ಆಗಲೇ ಅನಿಸಿತು.

ಲಾಲ್‌ಬಾಗಿನ ಬಂಡೆ

ಬೆಳಿಗ್ಗೆ ಏಳಕ್ಕೆ ಲಾಲ್‌ಬಾಗಿನಲ್ಲಿದ್ದೆವು. ಡಿಸೆಂಬರ್ ಚಳಿ, ಹುಲ್ಲಿನ ಮೇಲೆ ಇಬ್ಬನಿ. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ ಇದು. ಟಿಪ್ಪು ದೂರದ ದೇಶಗಳಿಂದ ಗಿಡಗಳನ್ನು ತರಿಸಿ ಬೆಳೆಸಿದನಂತೆ. ಈಗ 240 ಎಕರೆ. ಗಾಜಿನ ಮನೆಗೆ ಅಸ್ತಿಭಾರ ಹಾಕಿದ್ದು 1889ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿಕೊಂಡು ಕಟ್ಟಿದ್ದು. ಜನವರಿ 26, ಆಗಸ್ಟ್ 15ರ ಸುಮಾರಿಗೆ ಅಲ್ಲಿ ಹೂವಿಗಿಂತ ತಲೆಗಳೇ ಹೆಚ್ಚು. ಅಂದು ಬೆಳಿಗ್ಗೆ ಮಾತ್ರ ನಾವು, ಒಂದಿಷ್ಟು ವಾಕಿಂಗ್ ಮಾಡುವವರು, ಅಷ್ಟೇ. ಗಾಜಿನ ಮೇಲೆ ಎಳೆಬಿಸಿಲು ಬೀಳುವುದನ್ನು ನಾನು ಕಣ್ತುಂಬ ನೋಡಿದೆ. ಯಾರೂ ಇಪ್ಪತ್ತು ನಿಮಿಷ ಎನ್ನಲಿಲ್ಲ.

ಅತ್ತೆಯವರಿಗೆ ಹಿಡಿಸಿದ್ದು ಗಾಜಿನ ಮನೆಯಲ್ಲ, ಬಂಡೆ! ಕೆಂಪೇಗೌಡರ ಗೋಪುರವಿರುವ ಆ ದೊಡ್ಡ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ ಎಂದು ಗೈಡು ಹೇಳಿದಳು. ಅತ್ತೆಯವರು ಬುಡದಲ್ಲಿ ಕೂತು ಕೈಯಿಂದ ಸವರಿ, "ನಮ್ಮೂರ ಕಲ್ಲಿನ ಹಾಗೇ ಇದೆಯಲ್ಲೇ" ಎಂದರು. "ಹೌದಜ್ಜಿ, ನಮ್ಮ ಕಡೆ ನೆಲದಡಿ ಬಹುಪಾಲು ಇದೇ ಜಾತಿಯ ಕಲ್ಲು" ಎಂದಳು ಹುಡುಗಿ. ಅತ್ತೆಯವರಿಗೆ ಬಹಳ ಸಮಾಧಾನವಾಯಿತು. ಬೆಂಗಳೂರು ಪರಸ್ಥಳ ಎನ್ನುವ ಅಳುಕು ಸ್ವಲ್ಪ ಕಡಿಮೆಯಾಯಿತೋ ಏನೋ.

ಒಳಗೆ ಬ್ಯಾಟರಿ ಗಾಡಿಗಳಿವೆ. ವಯಸ್ಸಾದವರಿದ್ದರೆ ಎಷ್ಟು ಹೊತ್ತಿಗೆ ಹೊರಡುತ್ತವೆ ಎಂದು ಬಾಗಿಲಲ್ಲೇ ವಿಚಾರಿಸಿ.

ತಿಂಡಿಗೆ ಹತ್ತಿರದಲ್ಲೇ ಇರುವ ಮಾವಳ್ಳಿ ಟಿಫಿನ್ ರೂಮ್. ಎಂಟಿಆರ್ ಎಂದರೆ ನಿಮಗೆ ಸಾಂಬಾರ್ ಪುಡಿಯ ಪೊಟ್ಟಣ ನೆನಪಾಗುತ್ತದೆ. 1924ರಲ್ಲಿ ಶುರುವಾದ ಹೋಟೆಲು ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ, ರವೆಯಿಂದ ಇಡ್ಲಿ ಮಾಡಿದ್ದು ತಾವೇ ಎಂದು ಅವರು ಹೇಳುತ್ತಾರೆ. ಜನ ಕಾಯುತ್ತಿರುತ್ತಾರೆ, ಹಸಿವಾಗುವ ಮೊದಲೇ ಹೋಗಿ ಹೆಸರು ಬರೆಸಿ. ರವೆ ಇಡ್ಲಿ, ತುಪ್ಪ, ಆಲೂಗೆಡ್ಡೆ ಸಾಗು. ನಾದಿನಿ ಎರಡನೇ ಸಲ ತುಪ್ಪ ಕೇಳಿದಳೆಂದು ಬರೆದರೆ ಕೋಪಿಸಿಕೊಳ್ಳುತ್ತಾಳೆ, ಆದರೂ ಬರೆದಿದ್ದೇನೆ.

ಆಸ್ಪತ್ರೆಯ ಬಾಗಿಲಿನಿಂದ ಗುಡಿಯ ಬಾಗಿಲಿಗೆ

ಹತ್ತೂವರೆಗೆ ಕೋಟೆಯ ಕಡೆ ಬಂದೆವು. ಗುಡಿಗೆ ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಆದ್ದರಿಂದ ಮೊದಲು ಅದೇ ಎಂದುಕೊಂಡಿದ್ದೆವು. ಆದರೆ ಅತ್ತೆಯವರು, "ಆಸ್ಪತ್ರೆ ಹತ್ತಿರ ನಿಲ್ಲಿಸು" ಎಂದರು ಡ್ರೈವರಿಗೆ.

ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಆರಂಭವಾದದ್ದು. ಇಂದಿಗೂ ಹೆಂಗಸರಿಗೆ, ಮಕ್ಕಳಿಗೆ. ಬಾಗಿಲಲ್ಲಿ ಬಸುರಿಯರು, ಬುಟ್ಟಿ ಹಿಡಿದ ತಾಯಂದಿರು, ಕಾಯುತ್ತಾ ನಿಂತ ಗಂಡಸರು. ನೋಟಕ್ಕೆಂದು ಒಳಗೆ ಹೋಗುವ ಜಾಗವಲ್ಲ. ನಾವೂ ಹೋಗಲಿಲ್ಲ, ಹೊರಗೇ ನಿಂತೆವು. ಅತ್ತೆಯವರು ಕಟ್ಟಡ ನೋಡುತ್ತಾ ನಿಂತರು. ನಮ್ಮ ಯಜಮಾನರಿಗೆ ಹಿಂದಿನ ದಿನ ರೈಲಿನಲ್ಲಿ ನಾನೇ ವಿಷಯ ಹೇಳಿದ್ದೆ. ತನಗಿಂತ ಮೊದಲು ಒಂದು ಮಗು ಹೋಗಿತ್ತು ಎಂದಷ್ಟೇ ಅವರಿಗೆ ತಿಳಿದಿತ್ತು. ಒಂಬತ್ತು ದಿನ ಇತ್ತು ಎಂಬುದು ತಿಳಿದಿರಲಿಲ್ಲ. ಅವರು ಅಮ್ಮನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಅತ್ತೆಯವರು, "ಈ ವಾಣಿವಿಲಾಸ ಅಂದ್ರೆ ಯಾರು?" ಎಂದು ಕೇಳಿದರು. ಅಷ್ಟು ಹೊತ್ತು ಬಾಯಿ ತೆರೆಯದಿದ್ದ ಗೈಡು ಆಗ ಹೇಳಿದಳು. ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. 1894ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗನಿಗೆ ಹತ್ತು ವರ್ಷ, ರಾಣಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. 1895ರಿಂದ 1902ರವರೆಗೆ ಮಗನ ಪರವಾಗಿ ರಾಜ್ಯ ನಡೆಸಿದರು. ಹಿರಿಯೂರಿನ ಹತ್ತಿರ ಮಾರಿಕಣಿವೆಯ ಅಣೆಕಟ್ಟಿನ ಕೆಲಸ, ಶಿವನಸಮುದ್ರದ ವಿದ್ಯುತ್ತಿನ ಕೆಲಸ ಶುರುವಾದದ್ದು ಅವರ ಕಾಲದಲ್ಲಿ. ಆ ಮಗನೇ ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರು.

"ಅವಳೂ ಕಷ್ಟ ಪಟ್ಟವಳೇ ಅನ್ನು" ಎಂದರು ಅತ್ತೆಯವರು. ಇಪ್ಪತ್ತಮೂರು ದಿನ ಮಲಗಿದ್ದ ಜಾಗದ ಹೆಸರು ಯಾರದೆಂದು ಅವರಿಗೆ ಆವತ್ತು ಗೊತ್ತಾಯಿತು.

ಕಾರು ಹತ್ತಿಸಲು ಮಣೆ ಇಡಹೋದೆ. "ಬೇಡ, ನಡೆದೇ ಹೋಗ್ತೀನಿ" ಎಂದರು. ಬಸ್ಸಿನಿಂದ ಇಳಿಯದವರು! ಯಜಮಾನರು ಒಂದು ಕೈ, ನಾದಿನಿ ಒಂದು ಕೈ ಹಿಡಿದು ರಸ್ತೆ ದಾಟಿಸಿದರು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾ, ನಮಗೆ ಹತ್ತು ನಿಮಿಷವೂ ಬೇಡದ ದಾರಿಗೆ ಅರ್ಧ ಗಂಟೆ ಹಿಡಿಯಿತು.

ಕೋಟೆ ವೆಂಕಟರಮಣನ ಗುಡಿಯನ್ನು ಕಟ್ಟಿಸಿದವರು ಚಿಕ್ಕದೇವರಾಜ ಒಡೆಯರು, 1689ರಲ್ಲಿ. ಮುಂದೆ ಎತ್ತರದ ಕಲ್ಲಿನ ಕಂಬವಿದೆ. ಇಂಗ್ಲಿಷರ ಮುತ್ತಿಗೆಯ ಕಾಲದಲ್ಲಿ ಟಿಪ್ಪುವಿನ ಕಡೆ ಹಾರಿಬಂದ ಗುಂಡನ್ನು ಆ ಕಂಬ ತಡೆಯಿತೆಂದು ಅಲ್ಲಿಯವರು ಕಥೆ ಹೇಳುತ್ತಾರೆ. ಒಳಗೆ ಹೆಚ್ಚು ಜನವಿರಲಿಲ್ಲ. ಅರ್ಚಕರು ಸಂಕಲ್ಪಕ್ಕೆ ಹೆಸರು ಕೇಳಿದರು. ಅತ್ತೆಯವರು ತಮ್ಮ ಹೆಸರು, ತೀರಿಹೋದ ಮಾವನವರ ಮನೆತನ ಹೇಳಿ, "ಮೂರು ಜನ ಮಕ್ಕಳ ಹೆಸರಲ್ಲಿ" ಎಂದರು.

"ಮಕ್ಕಳ ಹೆಸರು ಹೇಳಿಮ್ಮ."

ಎರಡು ಹೆಸರು ಹೇಳಿದರು, ಸುಮ್ಮನಾದರು. ಹೆಸರಿಡುವ ಮೊದಲೇ ಹೋದ ಮಗು ಅದು. ಅರ್ಚಕರು ಕಾಯುತ್ತಿದ್ದರು. ಆಗ ನಮ್ಮ ಯಜಮಾನರು, "ಇನ್ನೊಬ್ಬ ನಮ್ಮಣ್ಣ" ಎಂದರು.

ಅರ್ಚಕರು ಮತ್ತೇನೂ ಕೇಳದೆ ಮಂತ್ರ ಮುಂದುವರಿಸಿದರು. ನಾದಿನಿ ಕಣ್ಣೊರೆಸಿಕೊಂಡಳು. ಅತ್ತೆಯವರು ಅಳಲಿಲ್ಲ. ಹೊಸಿಲನ್ನು ಬಗ್ಗಿ ಮುಟ್ಟುವುದು ಅವರ ಮಂಡಿಗೆ ಆಗದು. ಮಗಳು ಬಗ್ಗಿ ಮುಟ್ಟಿ, ಆ ಕೈಯನ್ನು ಅಜ್ಜಿಯ ಕೈಗೆ ತಾಗಿಸಿದಳು.

ಮೂರು ಕಚೇರಿಗಳ ದಾರಿ

ಪಕ್ಕದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ ಶುರುಮಾಡಿದ್ದು, ಟಿಪ್ಪು 1791ರಲ್ಲಿ ಮುಗಿಸಿದ್ದು. ತೇಗದ ಕಂಬಗಳು, ಕಮಾನುಗಳು, ಮೇಲಿನ ಮೊಗಸಾಲೆ. ಮೇಲಕ್ಕೆ ಹತ್ತುವ ಮೆಟ್ಟಿಲು ಕಡಿದು, ಅತ್ತೆಯವರು ಕೆಳಗೇ ನೆರಳಲ್ಲಿ ಕೂತರು. ನಾವು ನೋಡಿ ಬಂದು ಅವರಿಗೆ ಹೇಳಿದೆವು.

ಗೈಡು ಇಲ್ಲಿ ಹೇಳಿದ್ದು ಯಜಮಾನರಿಗೆ ಬಹಳ ಹಿಡಿಸಿತು. ಟಿಪ್ಪುವಿನ ನಂತರ ಇಂಗ್ಲಿಷರು ಈ ಅರಮನೆಯಲ್ಲೇ ಕಚೇರಿ ನಡೆಸಿದರು. 1868ರಲ್ಲಿ ಅದು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ ಹೋಯಿತು. ಹದಿನೆಂಟು ಇಲಾಖೆಗಳಿದ್ದುದರಿಂದ ಅದಕ್ಕೆ ಅಠಾರಾ ಕಚೇರಿ ಎಂದು ಹೆಸರು. ಈಗ ಅಲ್ಲಿ ಹೈಕೋರ್ಟು. ಅದರೆದುರಿಗೇ ವಿಧಾನಸೌಧ ಎದ್ದಿತು. 1951ರಲ್ಲಿ ನೆಹರೂ ಅಸ್ತಿಭಾರ ಹಾಕಿದರು, ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು ಕಟ್ಟಿಸಿದರು, 1956ರಲ್ಲಿ ಮುಗಿಯಿತು. ಮರದ ಕಚೇರಿ, ಕೆಂಪು ಕಚೇರಿ, ಕಲ್ಲಿನ ಕಚೇರಿ, ಮೂರನ್ನೂ ಒಂದೇ ದಿನ ನೋಡಬಹುದು ಎಂದಳು. ಬರೀ ಕಟ್ಟಡ ನೋಡುವುದಕ್ಕೂ, ಹೀಗೆ ಎಳೆ ಹಿಡಿದು ನೋಡುವುದಕ್ಕೂ ಎಷ್ಟು ವ್ಯತ್ಯಾಸ! ಒಳ್ಳೆಯ ಗೈಡಿಗೆ ಕೊಟ್ಟ ದುಡ್ಡು ಇಲ್ಲಿ ವಸೂಲಾಯಿತು.

ಕಾರನ್ನು ಕಬ್ಬನ್ ಪಾರ್ಕಿಗೆ ಕಳಿಸಿ ನಾವು ಮೆಟ್ರೋ ಹತ್ತಿದೆವು. ನಮ್ಮ ಮೆಟ್ರೋ ಶುರುವಾದದ್ದು 2011ರ ಅಕ್ಟೋಬರ್‌ನಲ್ಲಿ. ಮಾರುಕಟ್ಟೆಯಿಂದ ಹಸಿರು ದಾರಿಯಲ್ಲಿ ಮೆಜೆಸ್ಟಿಕ್, ಅಲ್ಲಿ ಇಳಿದು ನೇರಳೆ ದಾರಿಯಲ್ಲಿ ಎರಡನೇ ನಿಲ್ದಾಣವೇ ವಿಧಾನಸೌಧ. ಪೂರ್ತಿ ನೆಲದಡಿಯ ಪ್ರಯಾಣ. ಚಲಿಸುವ ಮೆಟ್ಟಿಲಿಗೆ ಅತ್ತೆಯವರು ಒಪ್ಪಲಿಲ್ಲ. ಎಲ್ಲ ಕಡೆ ಲಿಫ್ಟ್ ಇದೆ, ಕೇಳಿದರೆ ಸಿಬ್ಬಂದಿ ತೋರಿಸುತ್ತಾರೆ. ನಾದಿನಿ, ತಂಗಿ ಇಬ್ಬರೂ ಮೊದಲ ನಿಲ್ದಾಣ ಚಿಕ್ಕಪೇಟೆಯಲ್ಲಿ ಇಳಿದು ಸೀರೆಗೆ ಹೋದರು. ಎರಡು ಗಂಟೆ ಗಡುವು ಕೊಟ್ಟಿದ್ದೆವು, ಎರಡೂವರೆ ಮಾಡಿಕೊಂಡು ಮತ್ತೆ ಮೆಟ್ರೋದಲ್ಲೇ ಬಂದು ಸೇರಿದರು. ಎಲ್ಲರೂ ಎಲ್ಲ ಕಡೆಗೂ ಹೋಗಬೇಕೆಂಬ ನಿಯಮವೇನೂ ಇಲ್ಲ ನೋಡಿ.

ಅಷ್ಟರಲ್ಲಿ ನಾವು ವಿಧಾನಸೌಧವನ್ನು ರಸ್ತೆಯಿಂದ ನೋಡಿ, "ಸರ್ಕಾರದ ಕೆಲಸ ದೇವರ ಕೆಲಸ" ಎಂಬುದನ್ನು ಮಗಳಿಂದ ಓದಿಸಿಕೊಂಡು, ಕಬ್ಬನ್ ಪಾರ್ಕಿಗೆ ಬಂದೆವು. ವಿಧಾನಸೌಧದ ಒಳಗೂ ಕರೆದೊಯ್ದು ತೋರಿಸುವ ವ್ಯವಸ್ಥೆ 2025ರಲ್ಲಿ ಆರಂಭವಾಗಿದೆ. ಅದು ರಜಾದಿನಗಳಲ್ಲಿ, ಟಿಕೆಟ್ ಮುಂಚೆಯೇ ತೆಗೆದಿಡಬೇಕು. ನಾವು ಹೋದದ್ದು ಬುಧವಾರ.

1870ರಲ್ಲಿ ಮಾಡಿದ ಆ ಪಾರ್ಕಿನ ಮರದಡಿಯ ಬೆಂಚಿನ ಮೇಲೆ ಅತ್ತೆಯವರು ಕಾಲು ಚಾಚಿ ಒಂದು ಗಂಟೆ ಕೂತರು. ಪಟ್ಟಿಯಲ್ಲಿ ಈ ವಿಶ್ರಾಂತಿಗೆ ನಾನು ಮೊದಲೇ ಜಾಗ ಬಿಟ್ಟಿದ್ದೆ. ನೀವೂ ಬಿಡಿ. ಐದಕ್ಕೆ ಮುಂಚೆ ಮನೆ ಕಡೆ ಹೊರಟೆವು.

ಚೀಲದಲ್ಲಿ ಏನೇನಿರಲಿ

ಮಾತ್ರೆಗಳು, ಅವುಗಳ ಚೀಟಿ. ಕುಡಿಯುವ ನೀರು. ಒಂದು ಹಳೆಯ ಬೆಡ್‌ಶೀಟು. ಚಿಲ್ಲರೆ ಹಣ. ಮಣೆ ಮರೆಯಬೇಡಿ. ಇನ್ನೊಂದು ಮಾತು, ನಾವು ಹೆಂಗಸರು ಯಾರ ಮುಂದೆಯೂ ಹೇಳದೆ ನೀರು ಕುಡಿಯುವುದನ್ನೇ ಬಿಡುತ್ತೇವಲ್ಲ, ಆ ವಿಷಯ. ಲಾಲ್‌ಬಾಗ್, ಹೋಟೆಲು, ಮೆಟ್ರೋ ನಿಲ್ದಾಣ, ಶೌಚಾಲಯ ಎಲ್ಲೆಲ್ಲಿದೆ ಎಂದು ಗೈಡನ್ನು ಬೆಳಿಗ್ಗೆಯೇ ಕೇಳಿ ಪಟ್ಟಿಯಲ್ಲಿ ಗುರುತು ಮಾಡಿಕೊಳ್ಳಿ. ನೀರು ಬಿಟ್ಟು ಊರು ನೋಡುವುದು ಬೇಡ.

ಮಧ್ಯಾಹ್ನಕ್ಕೆ ಗೊಜ್ಜವಲಕ್ಕಿ ಒಯ್ದಿದ್ದೆವು. ಮೆಟ್ರೋ ಹತ್ತುವ ಮೊದಲು ಕಾರಿನಲ್ಲೇ ಕೂತು ತಿಂದೆವು. ಎರಡು ಲೋಟ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯ ಹಾಗೆ ತರಿ ಮಾಡಿ. ನಿಂಬೆಗಾತ್ರದ ಹುಣಿಸೆಹಣ್ಣಿನ ರಸಕ್ಕೆ ಬೆಲ್ಲ, ಉಪ್ಪು, ಎರಡು ಚಮಚ ಸಾರಿನ ಪುಡಿ ಕಲಸಿ, ಅವಲಕ್ಕಿಗೆ ಹಾಕಿ ಅರ್ಧ ಗಂಟೆ ಬಿಡಿ. ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಕಡಲೆಕಾಯಿ ಬೀಜ, ಒಣಮೆಣಸಿನಕಾಯಿ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು ಅದನ್ನು ಹಾಕಿ ಉದುರಾಗಿ ಕೆದಕಿ. ಮೇಲೆ ಕೊಬ್ಬರಿ ತುರಿ. ಹಸಿ ತೆಂಗಿನಕಾಯಿ ಬೇಡ, ಬೇಗ ಕೆಡುತ್ತದೆ. ತಿಪಟೂರಿನವಳು ಕೊಬ್ಬರಿಯ ಪರವಾಗಿ ಹೇಳುತ್ತಿದ್ದಾಳೆ ಎಂದುಕೊಂಡರೂ ಸರಿಯೇ.

ಕಾರಿಗೆ, ಗೈಡಿಗೆ, ತಿಂಡಿಗೆ ಸೇರಿ ಖರ್ಚಾದದ್ದು ಬಸ್ಸಿನ ಟಿಕೆಟ್ಟಿಗಿಂತ ಹೆಚ್ಚೇ. ಆರು ಜನರಿಗೆ ಹಂಚಿದಾಗ ಅಷ್ಟು ಭಾರವೆನಿಸಲಿಲ್ಲ. ಹದಿನಾಲ್ಕರಲ್ಲಿ ನೋಡಿದ್ದು ಅರ್ಧ, ಆದರೆ ಅವರವರಿಗೆ ಬೇಕಾದದ್ದು ಅವರವರಿಗೆ ಸಿಕ್ಕಿತು.

ರಾತ್ರಿ ತಂಗಿಯ ಮನೆಯಲ್ಲಿ ಅತ್ತೆಯವರ ಮಂಡಿಗೆ ಎಣ್ಣೆ ತಿಕ್ಕುತ್ತಾ, ಹಳೆಯ ಪ್ರಶ್ನೆಯನ್ನೇ ಕೇಳಿದೆ. "ಹೇಗಿತ್ತು ಅತ್ತೆ?"

"ಗಂಟೆ ಅದೇ ಕಣೇ" ಎಂದರು. "ಆ ಸದ್ದು ಅದೇ."

ನಿಮ್ಮ ಮನೆಯಲ್ಲೂ "ನಿಮಗೆಲ್ಲ ಯಾವುದೋ ನನಗೂ ಅದೇ" ಎನ್ನುವವರು ಒಬ್ಬರಿದ್ದಾರಲ್ಲವೇ? ಮುಂದಿನ ಸಲ ಯಾವುದೇ ಊರಿಗೆ ಹೊರಡುವ ಮೊದಲು, ಅವರ ಪಕ್ಕದಲ್ಲಿ ಒಂದು ಮೊರ ಅವರೆಕಾಯಿ ಇಟ್ಟುಕೊಂಡು ಕೂತು ನೋಡಿ. ಅವಸರ ಮಾಡಬೇಡಿ, ಎರಡನೇ ಸಲವೂ ಕೇಳಿ.